ಹಳ್ಳದ ಹುಳುಗಳ ಊಟ ಮತ್ತು ನೀರಿನ ಬಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಹಳ್ಳಕ್ಕೆ ಕರೆದುಕೊಂಡು ಹೋದಾಗ, ಹೊಲದ ಬದುವಿನ ಮೇಲೆ ರೈತರ ಜೊತೆ ನಿಂತಾಗ, ಮಾಸ್ತರುಗಳು ಫೋನ್ ಮಾಡಿದಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಊಟದ ಪ್ರಶ್ನೆಗಳನ್ನೂ ಬಿಸಿಯ ಪ್ರಶ್ನೆಗಳನ್ನೂ ದಯವಿಟ್ಟು ಓದಿ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ ಮಾತ್ರ ತಿಳಿಯುತ್ತದೆ.

ಹಳ್ಳದ ಹುಳುಗಳು ಅಂದರೆ ಯಾವುವು?

ಹರಿಯುವ ನೀರಿನ ತಳದಲ್ಲಿ ಬದುಕುವ, ಬೆನ್ನೆಲುಬಿಲ್ಲದ ಜೀವಿಗಳು. ಏಡಿ, ಸೀಗಡಿ, ಬಸವನಹುಳು, ಜಿಗಣೆ, ಕಪ್ಪೆಚಿಪ್ಪು ಎಲ್ಲರಿಗೂ ಗೊತ್ತು. ಅವುಗಳಿಗಿಂತ ಎಷ್ಟೋ ಜಾಸ್ತಿ ಇರುವುದು ಕೀಟಗಳ ಮರಿಗಳು. ಏರೋಪ್ಲೇನ್ ಚಿಟ್ಟೆ, ಮೇಫ್ಲೈ, ಕ್ಯಾಡಿಸ್‌ಫ್ಲೈ, ಸ್ಟೋನ್‌ಫ್ಲೈ ಇವೆಲ್ಲ ಮರಿಯಾಗಿದ್ದಾಗ ನೀರಿನೊಳಗೆ ಇರುತ್ತವೆ. ರೆಕ್ಕೆ ಬಂದ ಮೇಲೆ ಹೊರಗೆ ಹಾರುತ್ತವೆ.

ಹರಿವಿನಲ್ಲಿರುವ ಒಂದು ಕಲ್ಲನ್ನು ನಿಧಾನ ಎತ್ತಿ ತಿರುಗಿಸಿ ನೋಡಿ. ಚಪ್ಪಟೆ ಮೈಯ ಸಣ್ಣ ಮರಿಯೊಂದು ಕಲ್ಲಿಗೆ ಅಂಟಿಕೊಂಡು ಬದಿಗೆ ಸರಿಯುತ್ತದೆ. ಹಿಂದೆ ಮೂರು ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳು. ಅದು ಮೇಫ್ಲೈ ಮರಿ. ಪಕ್ಕದಲ್ಲೇ ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಸಣ್ಣ ಕೊಳವೆ ಕಂಡರೆ ಸ್ವಲ್ಪ ಕಾಯಿರಿ. ಒಳಗಿಂದ ಕಪ್ಪು ತಲೆಯೊಂದು ಹೊರಗೆ ಬರುತ್ತದೆ. ಅದು ಕ್ಯಾಡಿಸ್‌ಫ್ಲೈ ಮರಿ. ತನ್ನದೇ ರೇಷ್ಮೆಯಿಂದ ಮನೆ ಕಟ್ಟಿಕೊಂಡಿರುತ್ತದೆ.

ನಮ್ಮ ಕಡೆ ಇವನ್ನು ಎಲ್ಲಿ ನೋಡಬಹುದು?

ಧಾರವಾಡ ಇರುವುದು ನೀರು ಎರಡು ಕಡೆ ಇಳಿಯುವ ಏರಿನ ಮೇಲೆ. ಶಾಲ್ಮಲಾ ಇಲ್ಲಿ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುತ್ತದೆ. ಕಲಘಟಗಿ ಕಡೆ ಬೇಡ್ತಿಯಾಗಿ ಹರಿದು, ಮುಂದೆ ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ಬೆಣ್ಣಿಹಳ್ಳ, ತುಪರಿಹಳ್ಳಗಳ ನೀರು ಎರೆ ಭೂಮಿ ದಾಟಿ ಮಲಪ್ರಭೆಗೆ ಹೋಗುತ್ತದೆ. ಹಾವೇರಿ ಕಡೆ ವರದಾ, ಧರ್ಮಾ, ಕುಮುದ್ವತಿ ಇವೆ. ವರದಾ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಗದಗಿನವರಿಗೆ ಮಳೆ ಮುಗಿದ ಮೇಲೆ ಕಪ್ಪತಗುಡ್ಡದ ಹಳ್ಳಗಳು ಹತ್ತಿರ.

ಕಲ್ಲು, ನೆರಳು, ಹರಿವು ಮೂರೂ ಇರುವ ಜಾಗ ಬೇಕಾದರೆ ಕಲಘಟಗಿ ಮತ್ತು ಹಾನಗಲ್ ಕಡೆ ಹೋಗಿ. ಅಕ್ಟೋಬರ್‌ನಿಂದ ಜನವರಿವರೆಗೆ ನೀರು ತಿಳಿಯಾಗಿರುತ್ತದೆ.

ಇವು ಏನು ತಿಂದು ಬದುಕುತ್ತವೆ?

ಕೆಲವು ನೀರಿಗೆ ಬಿದ್ದ ಎಲೆಯನ್ನು ಹರಿದು ತಿನ್ನುತ್ತವೆ. ಕೆಲವು ಕಲ್ಲಿನ ಮೇಲಿನ ಪಾಚಿಯನ್ನು ಕೆರೆಯುತ್ತವೆ. ಕೆಲವು ತೇಲಿ ಬರುವ ಚೂರುಪಾರನ್ನು ಸೋಸಿ ಹಿಡಿಯುತ್ತವೆ. ಅದಕ್ಕಾಗಿ ಬಲೆ ನೇಯುವ ಕ್ಯಾಡಿಸ್ ಜಾತಿಯೂ ಇದೆ. ಏರೋಪ್ಲೇನ್ ಚಿಟ್ಟೆಯ ಮರಿ ಬೇಟೆಗಾರ. ಮಡಚಿಟ್ಟ ಕೆಳದುಟಿಯನ್ನು ಚಾಚಿ ಹುಳುವನ್ನೋ ಸಣ್ಣ ಮೀನನ್ನೋ ಹಿಡಿಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಕೆನೆತ್ ಕಮಿನ್ಸ್ ಅವರು ಹಳ್ಳದ ಜೀವಿಗಳನ್ನು ಹೀಗೆ ತಿನ್ನುವ ಕ್ರಮದ ಮೇಲೆ ಗುಂಪು ಮಾಡಿದರು. ಇವತ್ತಿಗೂ ಅದೇ ಕ್ರಮ ನಡೆಯುತ್ತಿದೆ.

ಎಲೆ ಬೇಕಾದಷ್ಟು ಬೀಳುತ್ತದಲ್ಲ, ಊಟಕ್ಕೆ ಕೊರತೆ ಎಲ್ಲಿ?

ಇದು ತುಂಬಾ ಒಳ್ಳೆಯ ಪ್ರಶ್ನೆ. ಉದ್ದಕ್ಕೇ ಉತ್ತರ ಕೊಡುತ್ತೇನೆ.

ಗಿಡ ತನ್ನ ಎಲೆಯನ್ನು ಉದುರಿಸುವ ಮೊದಲು ಅದರಲ್ಲಿನ ಸಾರಜನಕ, ರಂಜಕಗಳಲ್ಲಿ ದೊಡ್ಡ ಪಾಲನ್ನು ವಾಪಸ್ ಎಳೆದುಕೊಳ್ಳುತ್ತದೆ. ಬೀಳುವುದು ಬಹುಪಾಲು ನಾರು. ಕೀಟದ ಮೈಯಲ್ಲಿ ಒಂದು ಭಾಗ ಸಾರಜನಕಕ್ಕೆ ಸುಮಾರು 5–6 ಭಾಗ ಇಂಗಾಲ ಇರುತ್ತದೆ. ಉದುರಿದ ಎಲೆಯಲ್ಲಿ ಒಂದು ಭಾಗ ಸಾರಜನಕಕ್ಕೆ 40 ಭಾಗಕ್ಕಿಂತ ಜಾಸ್ತಿ ಇಂಗಾಲ ಇರುವುದು ಸಾಮಾನ್ಯ. 100 ದಾಟುವುದೂ ಉಂಟು. ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ.

ಎಲೆ ನೀರಿಗೆ ಬಿದ್ದ ಮೇಲೆ ಒಂದೆರಡು ದಿನದಲ್ಲಿ ಅದರ ಬಣ್ಣ, ಒಗರು ಸ್ವಲ್ಪ ಬಿಡುತ್ತದೆ. ಆಮೇಲೆ ಒಂದು ಬಗೆಯ ನೀರಿನ ಬೂಷ್ಟು ಅದರೊಳಗೆ ಬೇರು ಬಿಡುತ್ತದೆ. ಅದು ನಾರನ್ನು ಕರಗಿಸಿ ಮೆತ್ತಗೆ ಮಾಡುತ್ತದೆ. ಹರಿಯುವ ನೀರಿನಿಂದ ಸಾರಜನಕ, ರಂಜಕ ಹೀರಿ ತನ್ನ ಮೈ ಬೆಳೆಸಿಕೊಳ್ಳುತ್ತದೆ. ಎಲೆ ತಿನ್ನುವ ಹುಳುವಿಗೆ ನಿಜವಾದ ಪೋಷಣೆ ಸಿಗುವುದು ಈ ಬೂಷ್ಟಿನಿಂದ. ದನಕ್ಕೆ ಬರೀ ಒಣ ಕಣಕಿ ಹಾಕುವುದಕ್ಕೂ ಅದರ ಜೊತೆ ಹಿಂಡಿ ಇಡುವುದಕ್ಕೂ ಎಷ್ಟು ವ್ಯತ್ಯಾಸ ಇದೆಯೋ, ಹೊಸದಾಗಿ ಬಿದ್ದ ಎಲೆಗೂ ಬೂಷ್ಟು ಹಿಡಿದ ಎಲೆಗೂ ಅಷ್ಟು ವ್ಯತ್ಯಾಸ ಇದೆ. ಎರಡನ್ನೂ ಮುಂದಿಟ್ಟರೆ ಹುಳು ಬೂಷ್ಟು ಹಿಡಿದಿದ್ದನ್ನೇ ಆರಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಕೀಟಗಳಿಗೆ ಸ್ಟೆರಾಲ್ ಎಂಬ ಕೊಬ್ಬಿನ ವಸ್ತು ಬೇಕು. ಪೊರೆ ಬಿಡುವುದಕ್ಕೆ ಬೇಕಾದ ಹಾರ್ಮೋನು ತಯಾರಾಗುವುದು ಅದರಿಂದಲೇ. ಕೀಟ ಅದನ್ನು ತನ್ನ ಮೈಯಲ್ಲಿ ಮಾಡಿಕೊಳ್ಳಲಾರದು. ತಿಂದೇ ಪಡೆಯಬೇಕು. ಬೂಷ್ಟಿನಲ್ಲಿ ಸ್ಟೆರಾಲ್ ಇರುತ್ತದೆ.

ಆ ಬೂಷ್ಟು ಕಣ್ಣಿಗೆ ಕಾಣುತ್ತದಾ?

ಬರಿಗಣ್ಣಿಗೆ ಕಾಣುವುದಿಲ್ಲ. ಕೈಗೆ ಗೊತ್ತಾಗುತ್ತದೆ. ಎಲೆ ಕಂದುಗಟ್ಟಿ, ಮುಟ್ಟಿದರೆ ಮೆತ್ತಗೆ ಜಾರುವ ಹಾಗಿರುತ್ತದೆ.

ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಒಂದು ಕೆಲಸ ಮಾಡಿ. ಸ್ವಚ್ಛ ಹಳ್ಳದಲ್ಲಿ ನೀರು ಕಲ್ಲಿಗೆ ಬಡಿದು ಸುತ್ತುವ ಕಡೆ ನೊರೆ ಕಟ್ಟುತ್ತದೆ. ಅದನ್ನು ಚಮಚದಲ್ಲಿ ತೆಗೆದು ಒಂದು ಹನಿ ಗಾಜಿನ ಮೇಲೆ ಇಟ್ಟು ನೋಡಿ. ನಾಲ್ಕು ಕೈ ಚಾಚಿದಂಥ, ಕೊಕ್ಕೆಯಂಥ, ಬಾಗಿದ ಎಳೆಯಂಥ, ಈ ಬೂಷ್ಟಿನ ಬೀಜಕಗಳು ಕಾಣುತ್ತವೆ. ನೊರೆಯಲ್ಲಿ ಅವು ಸಿಕ್ಕಿಕೊಂಡಿರುತ್ತವೆ. ನಾಲ್ಕು ಕೈ ಇದ್ದರೆ ಹರಿವಿನಲ್ಲಿ ಹೋಗುವಾಗ ಯಾವುದಾದರೂ ಎಲೆಗೆ ತಗಲಿ ನಿಲ್ಲುವುದು ಸುಲಭ. ಬ್ರಿಟನ್ನಿನ ಇಂಗೋಲ್ಡ್ ಅವರು 1942ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಗಮನ ಈ ಕಡೆ ತಿರುಗಿತು. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಯಾವ ಗಿಡದ ಎಲೆಯಾದರೂ ಒಂದೇನಾ?

ಅಲ್ಲ. ಹೊಂಗೆ ಬೇಳೆಕಾಳಿನ ಕುಟುಂಬದ ಗಿಡ. ಎಲೆಯಲ್ಲಿ ಸಾರಜನಕ ಜಾಸ್ತಿ. ಹೊಂಗೆ ಸೊಪ್ಪನ್ನು ಹೊಲಕ್ಕೆ ಹಸಿರುಗೊಬ್ಬರ ಅಂತ ಹಾಕುವುದು ಅದಕ್ಕೇ ಅಲ್ವಾ? ಹಳ್ಳದಲ್ಲೂ ಅದರ ಗುಣ ಅದೇ. ಗಡುಸಾದ, ಒಗರು ತುಂಬಿದ ಎಲೆಗಳು ತಡವಾಗಿ ಕೊಳೆಯುತ್ತವೆ.

ನೀಲಗಿರಿಯದು ಬೇರೆಯೇ ಕಥೆ. ಎಲೆ ಮೇಣದಂತಿರುತ್ತದೆ, ಒಳಗೆ ಎಣ್ಣೆ ಇರುತ್ತದೆ, ಸಾರಜನಕ ಕಡಿಮೆ. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ನೀಲಗಿರಿ ನೆಡುತೋಪುಗಳ ಹಳ್ಳಗಳನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲಿನ ಎಲೆ ತಿನ್ನುವ ಹುಳುಗಳು ಸ್ಥಳೀಯ ಗಿಡದ ಎಲೆ ಸಿಕ್ಕಾಗ ಬೆಳೆದಷ್ಟು ಚೆನ್ನಾಗಿ ಇದರಲ್ಲಿ ಬೆಳೆಯಲಿಲ್ಲ.

ತರಾವರಿ ಗಿಡ ಇದ್ದರೆ ಇನ್ನೂ ಒಳ್ಳೆಯದು. ಬೇಗ ಕೊಳೆಯುವ ಎಲೆ ಮೊದಲು ಊಟವಾಗುತ್ತದೆ, ತಡವಾಗಿ ಕೊಳೆಯುವುದು ಆಮೇಲೆ.

ಕಲ್ಲಿನ ಮೇಲಿನ ಪಾಚಿಯೂ ಊಟವಾ?

ಹೌದು. ಅದರಲ್ಲೂ ಬಂಗಾರ ಮಿಶ್ರಿತ ಕಂದು ಬಣ್ಣದ ತೆಳು ಪದರ ಇದ್ದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹಳ್ಳದ ಅತ್ಯುತ್ತಮ ಊಟ ಅದು. ಅದರಲ್ಲಿ ಇಪಿಎ ಎಂಬ ಒಮೆಗಾ-3 ಕೊಬ್ಬು ಇದೆ. ಔಷಧಿ ಅಂಗಡಿಯ ಮೀನೆಣ್ಣೆ ಮಾತ್ರೆಯಲ್ಲಿ ಇರುವುದೂ ಅದೇ. ಡಯಾಟಮ್‌ನಿಂದ ಹುಳುವಿಗೆ, ಹುಳುವಿನಿಂದ ಹೊಳೆ ಮೀನಿಗೆ ಹೋಗುತ್ತದೆ. ಒಣಗಿದ ಎಲೆಯಲ್ಲಿ ಇದು ಇರುವುದಿಲ್ಲ.

ನಿಂತ ಬಿಸಿ ನೀರಿನಲ್ಲಿ ಹಬ್ಬುವ ನೀಲಿ-ಹಸಿರು ಪಾಚಿ ಕಳಪೆ ಊಟ. ಇಪಿಎ ಇಲ್ಲ, ಸ್ಟೆರಾಲ್ ಇಲ್ಲ ಅನ್ನುವಷ್ಟು ಕಡಿಮೆ. ಕೆಲವದರಲ್ಲಿ ವಿಷವೂ ಇರುತ್ತದೆ. ಹಸಿರು ಕಂಡ ಕೂಡಲೇ ಊಟ ಚೆನ್ನಾಗಿದೆ ಅಂದುಕೊಳ್ಳಬಾರದು.

ಎರೆ ಭೂಮಿಯ ಹಳ್ಳಗಳಿಗೆ ಇನ್ನೊಂದು ತೊಂದರೆ. ಬದು ಒಡೆದ ಹೊಲದಿಂದ ಬರುವ ಸಣ್ಣ ಮಣ್ಣು ಕಲ್ಲಿನ ಮೇಲೆ ಕೂತರೆ ಡಯಾಟಮ್‌ಗೆ ಬೆಳಕು ಸಿಗುವುದಿಲ್ಲ. ಕೆರೆದು ತಿನ್ನುವ ಹುಳುವಿನ ಬಾಯಿಗೆ ಪಾಚಿಯ ಬದಲು ಮಣ್ಣು ಬರುತ್ತದೆ.

ನೀರು ಬಿಸಿಯಾದರೆ ಹುಳುವಿನ ಮೈಗೆ ಏನಾಗುತ್ತದೆ?

ನಮ್ಮ ಮೈ ಮಳೆಗಾಲದಲ್ಲೂ ಬೇಸಿಗೆಯಲ್ಲೂ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಹುಳುವಿಗೆ ಹಾಗಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ಅದು ತಾಳುವ ಮಿತಿಯೊಳಗೆ ನೀರು 10 ಡಿಗ್ರಿ ಏರಿದರೆ ಮೈಯೊಳಗಿನ ಕೆಲಸ ಸುಮಾರು ಎರಡು ಪಟ್ಟಾಗುತ್ತದೆ. ಉಸಿರಾಟಕ್ಕೆ ಬೇಕಾದ ಆಮ್ಲಜನಕವೂ ಅಷ್ಟೇ ಏರುತ್ತದೆ.

ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಧಾರವಾಡದ ಎತ್ತರದಲ್ಲಿ ಇದು ಇನ್ನೂ ಸ್ವಲ್ಪ ಕಮ್ಮಿ. ಬೇಡಿಕೆ ಎರಡು ಪಟ್ಟು, ಸಿಗುವುದು ಮೊದಲಿಗಿಂತ ಕಮ್ಮಿ. ಹರಿವು ನಿಂತರೆ ಇನ್ನೂ ಕಷ್ಟ. ಕಲ್ಲಿಗೆ ಬಡಿದು ಹಾರುವ ನೀರು ಗಾಳಿಯಿಂದ ಆಮ್ಲಜನಕ ತುಂಬಿಕೊಳ್ಳುತ್ತದೆ, ಮಡುವಿನ ನೀರಿಗೆ ಆ ಅನುಕೂಲ ಇಲ್ಲ.

ಬಿಸಿಯಲ್ಲಿ ಬೇಗ ಬೆಳೆಯುತ್ತವಂತಲ್ಲ, ಒಳ್ಳೆಯದೇ ಅಲ್ವಾ?

ಬೇಗ ಬೆಳೆಯುವುದು ನಿಜ. ಆದರೆ ಬಹುತೇಕ ಜಾತಿಗಳು ಬೇಗ ಬೆಳೆದು ಸಣ್ಣದಾಗಿಯೇ ಉಳಿಯುತ್ತವೆ. ಮೈಯ ಗಾತ್ರ ಹೆಚ್ಚುವ ವೇಗಕ್ಕಿಂತ ಪ್ರಾಯಕ್ಕೆ ಬರುವ ವೇಗ ಜಾಸ್ತಿಯಾಗುತ್ತದೆ.

ಮೇಫ್ಲೈಗೆ ಇದರ ಪೆಟ್ಟು ದೊಡ್ಡದು. ರೆಕ್ಕೆ ಬಂದ ಮೇಲೆ ಅದು ಏನೂ ತಿನ್ನುವುದಿಲ್ಲ. ಅದರ ಬಾಯಿ ಕೆಲಸಕ್ಕೇ ಬಾರದು. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಹಾರಿ, ಜೋಡಿಯಾಗಿ, ಮೊಟ್ಟೆ ಇಟ್ಟು ಸಾಯುತ್ತದೆ. ಆ ಮೊಟ್ಟೆಗಳಿಗೆ ಬೇಕಾದದ್ದೆಲ್ಲ ಮರಿಯಾಗಿದ್ದಾಗ ತಿಂದದ್ದರಿಂದಲೇ ಬರಬೇಕು. ಹೆಣ್ಣು ಸಣ್ಣದಾದರೆ ಮೊಟ್ಟೆಯೂ ಕಡಿಮೆ. 1978ರಲ್ಲಿ ಅಮೆರಿಕದ ಸ್ವೀನಿ ಮತ್ತು ವ್ಯಾನೋಟ್ ಇದನ್ನೇ ತೋರಿಸಿಕೊಟ್ಟರು. ಪ್ರತಿ ಜಾತಿಗೂ ಹೆಚ್ಚು ದೊಡ್ಡದಾಗಿ ಬೆಳೆಯುವ ಒಂದು ಹದವಾದ ಬಿಸಿ ಇದೆ, ಅದಕ್ಕಿಂತ ತಣ್ಣಗಾದರೂ ಬಿಸಿಯಾದರೂ ಗಾತ್ರವೂ ಮೊಟ್ಟೆಯೂ ಇಳಿಯುತ್ತವೆ ಎಂದರು.

ಊಟ ಮತ್ತು ಬಿಸಿ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನುತ್ತೀರಿ. ಯಾಕೆ?

ಈ ಪುಟ ಬರೆಯಲು ಕುಳಿತದ್ದೇ ಇದನ್ನು ಹೇಳುವುದಕ್ಕೆ.

ಒಳ್ಳೆಯ ಊಟ ಇದ್ದರೆ ಹುಳು ಒಂದಿಷ್ಟು ಬಿಸಿಯನ್ನು ತಾಳಿಕೊಳ್ಳುತ್ತದೆ. ಮೈಯ ಕೆಲಸ ಜಾಸ್ತಿಯಾದರೂ ತಿಂದದ್ದರಲ್ಲಿ ಉಳಿತಾಯ ಇರುತ್ತದೆ, ಬೆಳವಣಿಗೆ ನಡೆಯುತ್ತದೆ. ಊಟ ಕಳಪೆಯಾದಾಗ ತಣ್ಣನೆಯ ನೀರಿನಲ್ಲಿ ಜಾಸ್ತಿ ತಿಂದು ಹೇಗೋ ಸರಿದೂಗಿಸುತ್ತದೆ. ಬಿಸಿಯೂ ಕಳಪೆ ಊಟವೂ ಒಟ್ಟಿಗೆ ಬಂದರೆ ದಾರಿ ಇಲ್ಲ. ತಿಂದದ್ದೆಲ್ಲ ಉಸಿರಾಟಕ್ಕೇ ಹೋಗುತ್ತದೆ. ಮೈ ಬೆಳೆಯಲು, ಮೊಟ್ಟೆ ಕಟ್ಟಲು ಏನೂ ಉಳಿಯುವುದಿಲ್ಲ. ಬಿಸಿಯಿಂದ ಬೇಗ ಬೆಳೆಯುವ ಲಾಭವೂ ಕಳೆದುಹೋಗುತ್ತದೆ.

ಇನ್ನೊಂದು ಮಾತು. ಬಿಸಿ ಊಟವನ್ನೇ ಕೆಡಿಸುತ್ತದೆ. ತಣ್ಣನೆಯ ನೀರಿನಲ್ಲಿ ಪಾಚಿ ತನ್ನ ಪೊರೆ ಗಟ್ಟಿಯಾಗದಂತೆ ಒಮೆಗಾ-3ರಂಥ ಕೊಬ್ಬನ್ನು ಜಾಸ್ತಿ ಇಟ್ಟುಕೊಳ್ಳುತ್ತದೆ. ನೀರು ಬಿಸಿಯಾದಂತೆ ಆ ಕೊಬ್ಬು ಕಡಿಮೆಯಾಗುತ್ತದೆ. ಬಿಸಿ ನಿಂತ ನೀರಿನಲ್ಲಿ ಡಯಾಟಮ್ ಹಿಂದೆ ಸರಿದು ನೀಲಿ-ಹಸಿರು ಪಾಚಿ ಮುಂದೆ ಬರುತ್ತದೆ. ಎಲೆಯ ವಿಷಯದಲ್ಲೂ ಹೀಗೆಯೇ. ಬಿಸಿಯಲ್ಲಿ ಸೂಕ್ಷ್ಮಜೀವಿಗಳೇ ಎಲೆಯನ್ನು ಬೇಗ ಕೊಳೆಸಿ ಮುಗಿಸುತ್ತವೆ, ಹುಳುವಿನ ಪಾಲಿಗೆ ಉಳಿಯುವ ದಿನಗಳು ಕಮ್ಮಿ. ಹಾಗಾಗಿ "ಬಿಸಿಯಿಂದ ತೊಂದರೆಯೋ, ಊಟದಿಂದಲೋ" ಅಂತ ಬೇರೆ ಮಾಡಿ ಕೇಳಿದರೆ ಹಳ್ಳದ ಉತ್ತರ ಸಿಗುವುದಿಲ್ಲ.

ನಮ್ಮ ಬೇಸಿಗೆಯಲ್ಲಿ ಇದು ಹೇಗೆ ನಡೆಯುತ್ತದೆ?

ಪಾಠಪುಸ್ತಕದ ಹಳ್ಳ ಸಾಮಾನ್ಯವಾಗಿ ಯುರೋಪ್ ಅಥವಾ ಅಮೆರಿಕದ್ದು. ಅಲ್ಲಿ ಎಲೆ ಉದುರುವುದು ಚಳಿ ಬರುವ ಮುಂಚೆ. ತಣ್ಣನೆ ಹರಿವಿನಲ್ಲಿ ಹುಳುಗಳು ಚಳಿಗಾಲವಿಡೀ ನಿಧಾನ ತಿನ್ನುತ್ತವೆ.

ನಮ್ಮದು ತಿರುಗಾಮುರುಗಾ. ಇಲ್ಲಿನ ಎಲೆ ಉದುರಿಸುವ ಕಾಡಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಎಲೆ ಜಾಸ್ತಿ ಬೀಳುತ್ತದೆ. ಆಗಲೇ ಹಳ್ಳ ಬತ್ತುತ್ತಿರುತ್ತದೆ, ಗಿಡದ ನೆರಳೂ ಹೋಗಿರುತ್ತದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ, ಗದಗದಲ್ಲಿ ಗಾಳಿಯ ಬಿಸಿ 37–38 ಡಿಗ್ರಿ ಮುಟ್ಟುವುದು ಹೊಸದಲ್ಲ. ಉಳಿದ ಮಡುಗಳಲ್ಲಿ ಎಲೆಯ ರಾಶಿ ಬಿದ್ದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಎಲೆ ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ. ಊಟದ ರಾಶಿ ಎದುರಿಗೇ ಇರುತ್ತದೆ, ಉಸಿರಾಡಲು ಆಗುವುದಿಲ್ಲ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆಗೆ ಆ ರಾಶಿಯೆಲ್ಲ ಕೊಚ್ಚಿಹೋಗುತ್ತದೆ.

ಹಾಗಾಗಿ ವರ್ಷವಿಡೀ ಹಸಿರಾಗಿದ್ದು ಸ್ವಲ್ಪ ಸ್ವಲ್ಪವೇ ಎಲೆ ಬಿಡುವ ದಂಡೆಯ ಗಿಡಗಳ ಬೆಲೆ ನಮ್ಮಲ್ಲಿ ತುಂಬಾ ಜಾಸ್ತಿ. ನೇರಳೆ ಅಂಥ ಗಿಡ. ಎಲೆಯನ್ನು ಹಿಡಿದಿಡುವ ಕಲ್ಲು, ಬೇರು, ಬಿದ್ದ ಕೊಂಬೆಗಳ ಬೆಲೆಯೂ ಹಾಗೆಯೇ. "ಹಳ್ಳ ಸ್ವಚ್ಛ ಮಾಡುತ್ತೇವೆ" ಅಂತ ಪ್ಲಾಸ್ಟಿಕ್ ಜೊತೆ ಕೊಂಬೆ, ಎಲೆಯನ್ನೂ ಬಳಿದು ತೆಗೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪ್ಲಾಸ್ಟಿಕ್ ತೆಗೆಯಿರಿ, ಎಲೆ ಬಿಡಿ.

ಹಳ್ಳ ಪೂರ್ತಿ ಒಣಗಿದಾಗ ಹುಳುಗಳು ಎಲ್ಲಿಗೆ ಹೋಗುತ್ತವೆ?

ಏಡಿ ದಂಡೆಯಲ್ಲಿ ಬಿಲ ತೋಡಿ ತೇವದಲ್ಲಿ ಕೂರುತ್ತದೆ. ಕೆಲವು ಬಸವನಹುಳುಗಳು ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಮಣ್ಣಿನೊಳಗೆ ಇರುತ್ತವೆ. ಕೆಲವು ಮರಿಗಳು ಮರಳಿನ ಕೆಳಗಿನ ತೇವಕ್ಕೆ ಇಳಿಯುತ್ತವೆ. ಕೆಲವು ಜಾತಿಗಳ ಮೊಟ್ಟೆ ಒಣಗಿಯೂ ಬದುಕಿರುತ್ತದೆ. ಹಾರಬಲ್ಲವು ಬೇರೆ ನೀರಿಗೆ ಹೋಗಿ ಮಳೆಗೆ ವಾಪಸ್ ಬರುತ್ತವೆ. ಅದಕ್ಕೇ ಬೇಸಿಗೆಯಲ್ಲಿ ಒಂದಾದರೂ ನೆರಳಿನ ಮಡು ಉಳಿಯಬೇಕು.

ಬಿಸಿ ನೀರೇ ಬೇಕು ಅನ್ನುವ ಹುಳು ಇಲ್ಲವಾ?

ಇವೆ. ಮಳೆಗಾಲದಲ್ಲಿ ಗುಂಪಾಗಿ ಹಾರುವ ಹಳದಿ-ಕೇಸರಿ ಏರೋಪ್ಲೇನ್ ಚಿಟ್ಟೆ, ಪಂಟಾಲ, ಬಿಸಿಲಿಗೆ ಕಾದ ತಗ್ಗಿನ ನೀರಿನಲ್ಲಿ ಮೊಟ್ಟೆ ಇಡುತ್ತದೆ. ನೀರು ಬತ್ತುವ ಮುಂಚೆ, ಒಂದೆರಡು ತಿಂಗಳೊಳಗೆ ಮರಿ ಬೆಳೆದು ಹಾರಿಬಿಡುತ್ತದೆ. ಅಂಥ ತಗ್ಗುಗಳಲ್ಲಿ ಸೊಳ್ಳೆ ಮರಿಯಂಥ ಬೇಟೆ ತುಂಬಾ ಸಿಗುತ್ತದೆ.

ಹಳ್ಳದ ಹುಳು ಬೆಳೆದರೆ ಸೊಳ್ಳೆ ಜಾಸ್ತಿಯಾಗುತ್ತದಾ?

ಇಲ್ಲ. ಸೊಳ್ಳೆ ಮರಿಗೆ ನಿಂತ ನೀರು ಬೇಕು. ಅದನ್ನು ತಿನ್ನುವುದೇ ಇಲ್ಲಿನ ಬೇಟೆಗಾರ ಹುಳುಗಳು.

ಚರಂಡಿ ನೀರು ಸೇರಿದರೆ ಊಟ ಜಾಸ್ತಿ ಸಿಗುತ್ತದಲ್ಲ?

ಸಿಗುತ್ತದೆ, ಆದರೆ ತಿನ್ನಲು ಬದುಕಿರುವ ಜಾತಿಗಳು ಕಮ್ಮಿ. ಊರಿನ ಹೊಲಸು ಸೇರಿದ ನಾಲೆಯ ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಲಕ್ಷಗಟ್ಟಲೆ ಇರುತ್ತವೆ. ಅವುಗಳಲ್ಲಿ ಬಹಳಷ್ಟು ಕೈರೊನೊಮಿಡ್ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇದೆ, ಅದಕ್ಕೇ ಕೆಂಪು. ಆಮ್ಲಜನಕ ತೀರಾ ಕಮ್ಮಿ ಇದ್ದರೂ ಬದುಕುತ್ತವೆ. ಮೇಫ್ಲೈ, ಸ್ಟೋನ್‌ಫ್ಲೈಗಳಲ್ಲಿ ಬಹುತೇಕ ಅಲ್ಲಿ ಉಳಿಯಲಾರವು. ಬೇಸಿಗೆಯ ಬಿಸಿ ಸೇರಿದರೆ ಹೊಲಸು ಇನ್ನೂ ಬೇಗ ಕೊಳೆತು ಆಮ್ಲಜನಕವನ್ನು ತಿಂದುಹಾಕುತ್ತದೆ.

ಹೊಲಕ್ಕೆ ಹೊಡೆಯುವ ಎಣ್ಣೆ, ಗೊಬ್ಬರ ಹಳ್ಳಕ್ಕೆ ಮುಟ್ಟುತ್ತದಾ?

ಮುಟ್ಟುತ್ತದೆ. ಹತ್ತಿಗೆ, ಬ್ಯಾಡಗಿ ಮೆಣಸಿನಕಾಯಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆಯುವವರು ಇದನ್ನು ಗಮನಿಸಬೇಕು. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮೇಫ್ಲೈ ಮರಿಗಳಿಗೆ ತೀರಾ ಸಣ್ಣ ಪ್ರಮಾಣವೂ ಸಾವು ತರುತ್ತದೆ. ಮಳೆ ಬರುವಂತಿದ್ದರೆ ಹೊಡೆಯಬೇಡಿ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಹಳ್ಳದ ದಂಡೆಗೆ ಹತ್ತಿದ ಒಂದು ಪಟ್ಟಿ ಹುಲ್ಲು-ಗಿಡಕ್ಕೆ ಬಿಡಿ. ಯೂರಿಯಾ ಹರಿದು ಬಂದರೆ ಪಾಚಿ ಹಬ್ಬುತ್ತದೆ, ಬಿಸಿಲಿಗೆ ತೆರೆದ ಹಳ್ಳದಲ್ಲಿ ಇನ್ನೂ ಜೋರು.

ದಂಡೆಗೆ ಯಾವ ಗಿಡ ಹಚ್ಚಬೇಕು?

ನೀರಿನ ಅಂಚಿಗೆ ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ. ಜಾಗ ಇದ್ದರೆ ಬಿದಿರು. ನೀಲಗಿರಿ, ಅಕೇಶಿಯಾ ಬೇಡ. ಮೊದಲು ಇರುವ ಗಿಡ ಕಡಿಯದೆ ಉಳಿಸಿ, ಹೊಸದು ನೆರಳು ಕೊಡಲು ವರ್ಷಗಳು ಬೇಕು. ಸಣ್ಣ ಹಳ್ಳಕ್ಕೆ ಮಧ್ಯಾಹ್ನ, ಸಂಜೆಯ ಬಿಸಿಲು ತಗಲುವ ದಕ್ಷಿಣ, ಪಶ್ಚಿಮದ ದಂಡೆಯಿಂದ ಶುರು ಮಾಡಿ. ಹವೆಯ ಬಿಸಿ ಇಳಿಸುವುದು ಒಂದು ಊರಿನ ಕೈಯಲ್ಲಿಲ್ಲ. ಹಳ್ಳದ ನೀರಿಗೆ ನೆರಳನ್ನೂ ಊಟವನ್ನೂ ಒಟ್ಟಿಗೆ ಕೊಡುವುದು ಊರಿನ ಕೈಯಲ್ಲಿದೆ.

ಶಾಲೆಯಲ್ಲಿ ಮಕ್ಕಳು ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಇದೆ, ಖರ್ಚೂ ಇಲ್ಲ. ಹೊಂಗೆ ಮತ್ತು ನೀಲಗಿರಿಯ ಉದುರಿದ ಎಲೆಯನ್ನು ನೆರಳಲ್ಲಿ ಒಣಗಿಸಿ, ಬೇರೆ ಬೇರೆಯಾಗಿ 5 ಗ್ರಾಂನಂತೆ ತೂಗಿ. ಪತ್ತಾರರ ಅಂಗಡಿಯ ತಕ್ಕಡಿ ಇದಕ್ಕೆ ಚೆನ್ನಾಗಿರುತ್ತದೆ. ಅರ್ಧದಷ್ಟನ್ನು ತೂತುತೂತಾದ ಉಳ್ಳಾಗಡ್ಡಿ ಚೀಲದ ತುಂಡಿನಲ್ಲಿ ಕಟ್ಟಿ. ಉಳಿದರ್ಧವನ್ನು ತೆಳು ನೈಲಾನ್ ಬಟ್ಟೆಯಲ್ಲಿ ಕಟ್ಟಿ. ಉಳ್ಳಾಗಡ್ಡಿ ಚೀಲದೊಳಗೆ ಹುಳು ಹೋಗುತ್ತದೆ, ನೈಲಾನ್ ಬಟ್ಟೆಯೊಳಗೆ ಬೂಷ್ಟು ಮಾತ್ರ. ಎರಡನ್ನೂ ಒಂದು ನೆರಳಿನ ಜಾಗದಲ್ಲಿ, ಒಂದು ಬಿಸಿಲಿನ ಜಾಗದಲ್ಲಿ ಕಲ್ಲಿಗೆ ಕಟ್ಟಿ ಮುಳುಗಿಸಿ. ಮೂರು ವಾರ ಬಿಟ್ಟು ತೆಗೆದು, ಬಿಳಿ ತಟ್ಟೆಯಲ್ಲಿ ನಿಧಾನ ತೊಳೆದು, ಹುಳುಗಳನ್ನು ಎಣಿಸಿ ಹಳ್ಳಕ್ಕೇ ಬಿಡಿ. ಎಲೆ ಒಣಗಿಸಿ ಮತ್ತೆ ತೂಗಿ.

ನೀರಿನ ಬಿಸಿಯನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಳೆದು ಬರೆಯಿರಿ. ಥರ್ಮಾಮೀಟರ್ ಮೇಲೆ ನೇರ ಬಿಸಿಲು ಬೀಳಬಾರದು. ಮಧ್ಯಾಹ್ನ ಮಾತ್ರ ಅಳೆದರೆ ರಾತ್ರಿ ಹುಳುವಿಗೆ ಸಿಗುವ ತಂಪು ಲೆಕ್ಕಕ್ಕೆ ಬರುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಬೆಣ್ಣಿಹಳ್ಳದಂಥ ಹಳ್ಳ ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಒಮ್ಮೆಲೇ ಏರುತ್ತದೆ. ಹೊಲಸು ಸೇರಿದ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಲಿ.

ಮನೆಗೆ ತಂದು ಬಾಟಲಿಯಲ್ಲಿ ಸಾಕಬಹುದಾ?

ಹರಿವಿನ ಹುಳುಗಳನ್ನು ಸುಮ್ನೆ ತರಬೇಡಿ. ಬಾಟಲಿಯ ನೀರು ಬಸ್ಸಿನಲ್ಲೇ ಬಿಸಿಯಾಗುತ್ತದೆ, ಹರಿವಿಲ್ಲದೆ ಆಮ್ಲಜನಕ ಮುಗಿಯುತ್ತದೆ. ಮೇಫ್ಲೈ ಮರಿ ಮನೆ ಮುಟ್ಟುವುದರೊಳಗೆ ಸತ್ತಿರುತ್ತದೆ. ನೋಡಬೇಕು ಅನಿಸಿದರೆ ಬಿಳಿ ತಟ್ಟೆಯಲ್ಲಿ ಹಳ್ಳದ ನೀರು ಹಾಕಿ, ನೆರಳಲ್ಲಿ ಇಟ್ಟು, ಹತ್ತು ನಿಮಿಷ ನೋಡಿ, ಫೋಟೋ ತೆಗೆದು, ಎತ್ತಿದ ಜಾಗದಲ್ಲೇ ಬಿಡಿ. ತಿರುಗಿಸಿದ ಕಲ್ಲನ್ನೂ ಮೊದಲಿದ್ದ ಹಾಗೆಯೇ ಇಡಿ. ಅದರ ಮೇಲ್ಭಾಗದಲ್ಲಿ ಡಯಾಟಮ್ ಇದೆ, ಕೆಳಭಾಗದಲ್ಲಿ ಯಾರದೋ ಮೊಟ್ಟೆ ಇರಬಹುದು.